ಬೊಂಬೆಚಿತ್ರವೆಲ್ಲ ಮಕ್ಕಳ ಚಿತ್ರವಲ್ಲ

ನಮ್ಮಲ್ಲಿ ಒಂದು ವಿಚಿತ್ರವಾದ ನಂಬಿಕೆ ಬೇರೂರಿದೆ. ಬರೆದ ಚಿತ್ರಗಳು ತೆರೆಯ ಮೇಲೆ ಓಡಾಡಿದರೆ ಸಾಕು, ಅದು ಮಕ್ಕಳಿಗಾಗಿಯೇ ಮಾಡಿದ್ದು ಎಂಬ ನಂಬಿಕೆ. ನಟನಟಿಯರು ಅಭಿನಯಿಸಿದ ಸಿನಿಮಾ ಆದರೆ 'ಹೇಗಿದೆಯೋ ಏನೋ' ಎಂದು ನಾಲ್ಕು ಜನರನ್ನು ಕೇಳುವ ತಾಯ್ತಂದೆಗಳು, ಕಾರ್ಟೂನು ಎಂದೊಡನೆ ಕೇಳುವ ಗೋಜಿಗೇ ಹೋಗುವುದಿಲ್ಲ. ಸಂತೆಯಲ್ಲಿ ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ನೋಡಿ ಆರಿಸುವವರು, ಮೂರು ವರ್ಷದ ಮಗುವಿನ ಕಣ್ಣಿಗೆ ಕಾಣಿಸುವ ಚಿತ್ರವನ್ನು ಮಾತ್ರ ತಾವು ಕಣ್ಣುಮುಚ್ಚಿ ಆರಿಸುತ್ತಾರೆ. ಈ ನಂಬಿಕೆ ತಪ್ಪೆಂದೂ, ಇದರಿಂದ ಬಳ್ಳಾರಿಯಂಥ ಊರಿನಲ್ಲಿ ಎಷ್ಟೋ ಎಳೆಯರ ನಿದ್ದೆ ಕೆಡುತ್ತಿದೆಯೆಂದೂ ನಾನು ವಾದಿಸುತ್ತೇನೆ.

ಬೊಂಬೆಚಿತ್ರ ಹುಟ್ಟಿದ ಕಾಲದಿಂದಲೂ ಈ ನಂಬಿಕೆಗೆ ಆಧಾರವಿಲ್ಲ. ವಾಲ್ಟ್ ಡಿಸ್ನಿಯವರ 'ಸ್ನೋ ವೈಟ್' 1937ರಲ್ಲಿ ಹೊರಬಂತು. ಕೈಯಲ್ಲಿ ಬರೆದ ಚಿತ್ರ, ಏಳು ಮಂದಿ ಕುಳ್ಳರ ಕಥೆ. ಆದರೂ ಮಾಟಗಾತಿಯ ಆರ್ಭಟವನ್ನು ಕಂಡ ಬ್ರಿಟನ್ನಿನ ಸೆನ್ಸಾರ್ ಮಂಡಲಿಯವರು ದೊಡ್ಡವರ ಜೊತೆಯಿಲ್ಲದೆ ಮಕ್ಕಳನ್ನು ಒಳಗೆ ಬಿಡಕೂಡದೆಂದು ಅದಕ್ಕೆ 'ಎ' ಪತ್ರ ಕೊಟ್ಟರು. 1942ರ 'ಬ್ಯಾಂಬಿ'ಯಲ್ಲಿ ಜಿಂಕೆಮರಿಯ ತಾಯಿ ಬೇಟೆಗಾರನ ಗುಂಡಿಗೆ ಸಾಯುತ್ತಾಳೆ. 1994ರ 'ಲಯನ್ ಕಿಂಗ್'ನಲ್ಲಿ ಮರಿಯ ಕಣ್ಣೆದುರಿಗೇ ತಂದೆ ಸಾಯುತ್ತಾನೆ. ಇವು ಕೆಟ್ಟ ಚಿತ್ರಗಳೆಂದು ನಾನು ಹೇಳುತ್ತಿಲ್ಲ. ಇವೆಲ್ಲ ಎಲ್ಲ ವಯಸ್ಸಿಗೂ ಸಲ್ಲತಕ್ಕವಲ್ಲ ಎಂದಷ್ಟೇ ನನ್ನ ಮಾತು.

ಹತ್ತಿರದ ಉದಾಹರಣೆಯನ್ನೇ ನೋಡೋಣ. 2025ರ ಜುಲೈಯಲ್ಲಿ 'ಮಹಾವತಾರ ನರಸಿಂಹ' ಎಂಬ ಬೊಂಬೆಚಿತ್ರ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡಿತು. ಸಂಸಾರಸಮೇತ ಜನ ಹೋದರು. ಕಂಕುಳಲ್ಲಿ ಕೂಸುಗಳನ್ನು ಎತ್ತಿಕೊಂಡೂ ಹೋದರು. ಬಳ್ಳಾರಿಯಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರೊಡನೆ ಈ ಮಾತು ಬಂದಾಗ ಅವರು ನನ್ನ ಮೇಲೆಯೇ ರೇಗಿದರು. "ಪ್ರಹ್ಲಾದನ ಕಥಿ ರೀ ಇದು. ದೇವರ ಕಥಿ ಮಕ್ಕಳು ನೋಡ್ಲಿಲ್ಲಂದ್ರ ಇನ್ನ್ಯಾರು ನೋಡ್ಬೇಕು?" ಎಂದರು. ಮಾತು ದೊಡ್ಡದೇ. ಆದರೆ ಈ ಕಥೆ ಕಂಬ ಒಡೆದು, ಹೊಟ್ಟೆ ಬಗೆದು ಮುಗಿಯುವ ಕಥೆ. ಮನೆಯಲ್ಲಿ ಅಜ್ಜಿ ಇದನ್ನು ಹೇಳುವಾಗ ಕಂಬದ ಬಳಿ ಬಂದೊಡನೆ ಒಮ್ಮೆ ಮೊಮ್ಮಗನ ಮುಖ ನೋಡುತ್ತಾಳೆ. ಕಣ್ಣು ಅರಳಿದ್ದರೆ ಗರ್ಜಿಸುತ್ತಾಳೆ. ತುಟಿ ನಡುಗಿದ್ದರೆ ಗರ್ಜನೆಯನ್ನು ಹಾರಿಸಿ, 'ಪ್ರಹ್ಲಾದನನ್ನು ತೊಡೆಯ ಮೇಲೆ ಕೂರಿಸಿಕೊಂಡ' ಎಂದು ಮುಗಿಸಿಬಿಡುತ್ತಾಳೆ. ತೆರೆಗೆ ಮಗುವಿನ ಮುಖ ಕಾಣುವುದಿಲ್ಲ. ಅದು ಹದಿನೈದರ ಹುಡುಗನಿಗೆ ಎಷ್ಟು ಗರ್ಜಿಸುತ್ತದೆಯೋ ಮೂರರ ಕೂಸಿಗೂ ಅಷ್ಟೇ ಗರ್ಜಿಸುತ್ತದೆ.

ದೇವರೆಂದ ಮೇಲೆ ಮಗು ಏಕೆ ಹೆದರಬೇಕು ಎಂದು ಕೇಳುವವರಿದ್ದಾರೆ. ಅಮೆರಿಕದ ಜೋಆನ್ ಕ್ಯಾಂಟರ್ ಎಂಬ ವಿದುಷಿ ಮಕ್ಕಳ ಭಯವನ್ನು ಕುರಿತು ಬಹುಕಾಲ ಸಂಶೋಧನೆ ನಡೆಸಿದವರು. ಒಳ್ಳೆಯವನೇ ಆದ ನಾಯಕ ವಿಕಾರ ರೂಪದ ದೈತ್ಯನಾಗಿ ಬದಲಾಗುವ ಟೆಲಿವಿಷನ್ ಕಥೆಯೊಂದನ್ನು ಆಕೆ ಪರಿಶೀಲಿಸಿದರು. ದೊಡ್ಡ ಮಕ್ಕಳು ಅವನ ಗುಣವನ್ನು ನೆನೆದು ನಿಶ್ಚಿಂತರಾಗಿದ್ದರು. ಶಾಲೆಗೆ ಸೇರದ ಎಳೆಯರು ಅವನ ರೂಪವನ್ನು ಕಂಡೇ ಬೆದರಿದರು. ಆ ವಯಸ್ಸಿಗೆ ಕಣ್ಣಿಗೆ ಕಂಡದ್ದೇ ನಿಜ. ರಕ್ಷಿಸಲು ಬಂದವನೋ ಶಿಕ್ಷಿಸಲು ಬಂದವನೋ ಎಂಬ ವಿವೇಚನೆ ಆಮೇಲೆ ಬರುತ್ತದೆ; ಕೋರೆಹಲ್ಲು ಮೊದಲು ಕಾಣುತ್ತದೆ. 'ಅದು ಸುಳ್ಳು, ಬರೀ ಚಿತ್ರ' ಎಂಬ ನಮ್ಮ ಸಮಾಧಾನವೂ ಆ ವಯಸ್ಸಿಗೆ ಅಷ್ಟಾಗಿ ತಾಕುವುದಿಲ್ಲ. ತೊಡೆಯೇ ಅದಕ್ಕೆ ಸಮಾಧಾನ, ತರ್ಕವಲ್ಲ.

ಇನ್ನು ಧೈರ್ಯದ ವಾದ. "ಹಿಂಗ ಮೆತ್ತಗ ಬೆಳೆಸಿದ್ರ ನಾಳೆ ಹುಡುಗ್ರು ಅಂಜುಬುರುಕ್ರಾಗ್ತಾರ್ರೀ" ಎಂದು ಸಿರುಗುಪ್ಪದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ತಂದೆಯೊಬ್ಬರು ನನಗೆ ಉಪದೇಶಿಸಿದರು. ಸಿರುಗುಪ್ಪ ತುಂಗಭದ್ರೆಯ ದಂಡೆಯ ಊರು. ಅಲ್ಲಿನವರು ಮಕ್ಕಳಿಗೆ ಈಜು ಕಲಿಸುವುದು ಹೇಗೆ? ಮೂರು ವರ್ಷದವನನ್ನು ಮಳೆಗಾಲದ ನಡುಹೊಳೆಗೆ ಎಸೆದು 'ಧೈರ್ಯ ಬರಲಿ' ಎನ್ನುತ್ತಾರೆಯೆ? ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ನೀರು ತನ್ನನ್ನು ಮುಳುಗಿಸುವುದಿಲ್ಲವೆಂಬ ನಂಬಿಕೆಯನ್ನು ಮೊದಲು ಹುಟ್ಟಿಸುತ್ತಾರೆ. ಕಥೆಯ ಹೊಳೆಗೂ ಇದೇ ನ್ಯಾಯ ಸಲ್ಲಬೇಕು. ಕಥೆಯೆಂದರೆ ಕತ್ತಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂರುವ ಶಿಕ್ಷೆ ಎಂದು ಒಮ್ಮೆ ಕಲಿತ ಮಗು ಧೀರನಾಗುವುದಿಲ್ಲ. ಕಥೆಗೇ ಬೆನ್ನು ತಿರುಗಿಸುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಅದನ್ನು ನಾನೇ ಎತ್ತುತ್ತೇನೆ. ನಮ್ಮ ಸೀಮೆಯ ತೊಗಲುಗೊಂಬೆ ಆಟದಲ್ಲಿ ಯುದ್ಧವಿರಲಿಲ್ಲವೆ? ರಾವಣನ ತಲೆಗಳು ಉರುಳಲಿಲ್ಲವೆ? ಹಳ್ಳಿಯ ಮಕ್ಕಳು ರಾತ್ರಿಯೆಲ್ಲ ನೋಡಿ ಬೆಳೆಯಲಿಲ್ಲವೆ? ನೋಡಿದರು, ಬೆಳೆದರು, ನಿಜ. ಆದರೆ ಹೇಗೆ ನೋಡಿದರು? ಅಜ್ಜಿಯ ಕೌದಿಯೊಳಗೆ ಕುಳಿತು, ಮೊದಲೇ ಬಲ್ಲ ಕಥೆಯನ್ನು, ಬೇಕೆನಿಸಿದಾಗ ಎದ್ದುಹೋಗುವ ಸ್ವಾತಂತ್ರ್ಯವಿದ್ದ ಬಯಲಿನಲ್ಲಿ. ಯುದ್ಧ ಬಿರುಸಾಯಿತೆನ್ನುವಷ್ಟರಲ್ಲಿ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಂದು ಜಗಳವಾಡಿ ನಗಿಸುತ್ತಿದ್ದರು. ಪರದೆಯ ಹಿಂದೆ ಸುತ್ತಿ ಬಂದರೆ ಹನುಮಂತನನ್ನು ಕುಣಿಸುವ ಕೈಯೂ ಕಾಣುತ್ತಿತ್ತು. ಸಿನಿಮಾ ಮಂದಿರದಲ್ಲಿ ಇವುಗಳಲ್ಲಿ ಯಾವುದಿದೆ? ಬಾಗಿಲು ಮುಚ್ಚಿದೆ, ದೀಪ ಆರಿದೆ, ಸದ್ದು ಎದೆಗೆ ಬಡಿಯುತ್ತದೆ. ಕಥೆ ಒಂದೇ ಇದ್ದರೂ ಮಗು ಕುಳಿತಿರುವ ಜಾಗ ಒಂದೇ ಅಲ್ಲ.

ಹಾಗಾದರೆ ಸಕ್ಕರೆ ಪಾಕದಂಥ ಸಪ್ಪೆ ಚಿತ್ರಗಳನ್ನೇ ತೋರಿಸಬೇಕೆ ಎಂದು ವಾಚಕರು ಕೇಳಬಹುದು. ಮೃದುವಾದದ್ದು ಸಪ್ಪೆ ಎಂದು ಹೇಳಿದವರಾರು? ಪುಣ್ಯಕೋಟಿಯ ಕಥೆ ನಮಗೆಲ್ಲ ಗೊತ್ತು. ಅದರಲ್ಲಿ ಹುಲಿಯಿದೆ, ಸಾವಿನ ಮಾತಿದೆ, ಕರುವನ್ನು ಅಗಲುವ ತಾಯಿಯಿದ್ದಾಳೆ. ಆದರೂ ತೊಟ್ಟಿಲ ಕೂಸಿನ ಮುಂದೆಯೂ ಅದನ್ನು ಹಾಡುತ್ತೇವೆ. ದುಃಖ ಬೇರೆ, ಬೆದರಿಕೆ ಬೇರೆ. ಇದೇ ಹದವನ್ನು ಬಲ್ಲ ಚಿತ್ರ ಜಪಾನಿನ ಹಯಾವೊ ಮಿಯಾಝಾಕಿಯವರ 'ನನ್ನ ನೆರೆಯ ಟೊಟೊರೊ' (1988). ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಅಕ್ಕತಂಗಿಯರಿಬ್ಬರು ತಂದೆಯೊಡನೆ ಹಳ್ಳಿಯ ಹಳೆಯ ಮನೆಗೆ ಬಂದಿದ್ದಾರೆ, ಮರದ ಪೊಟರೆಯ ಬಳಿ ಬೃಹದಾಕಾರದ, ನಿದ್ದೆಗಣ್ಣಿನ ವನದೇವತೆಯೊಂದು ಸಿಗುತ್ತದೆ. ಚಿತ್ರದುದ್ದಕ್ಕೂ ಖಳನೇ ಇಲ್ಲ. ತಾಯಿಯ ಬಗೆಗಿನ ಕಳವಳವಿದೆ, ತಂಗಿ ದಾರಿ ತಪ್ಪುವ ಗಾಬರಿಯಿದೆ. ಅದನ್ನು ತಡೆದುಕೊಳ್ಳಲು ಒಂದು ದೊಡ್ಡ ಬೆನ್ನಿದೆ. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಗೆ ಮಕ್ಕಳನ್ನು ಕರೆದೊಯ್ದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಏಕಶಿಲೆಯ ಅಷ್ಟು ದೊಡ್ಡ ಬಸವಣ್ಣನ ಮುಂದೆ ಯಾವ ಕೂಸೂ ಹೆದರಿ ಅಳುವುದನ್ನು ನಾನು ಕಂಡಿಲ್ಲ, ಮುಟ್ಟಲೆಂದು ಕೈಚಾಚುತ್ತವೆ. ಅದ್ಭುತವಾಗಿರಲು ಕೋರೆಹಲ್ಲು ಬೇಕಿಲ್ಲವೆಂದು ನಮ್ಮ ಶಿಲ್ಪಿಗಳು ಎಂದೋ ತೋರಿಸಿಕೊಟ್ಟಿದ್ದಾರೆ.

"ಅದೆಲ್ಲ ಸರಿ, ಕನ್ನಡದಲ್ಲಿ ಎಲ್ಲಿವೆ?" ಎಂಬ ಪ್ರಶ್ನೆ ಉಳಿಯುತ್ತದೆ. ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಬೇಕಾದವರು ಹಿರಿಯರು. ಡಬ್ಬಿಂಗ್ ಬೇಕೆ ಬೇಡವೆ ಎಂದು ದಶಕಗಟ್ಟಲೆ ಕಾದಾಡಿದೆವು. 2015ರಲ್ಲಿ ಸ್ಪರ್ಧಾ ಆಯೋಗ ಆ ನಿಷೇಧದ ವಿರುದ್ಧ ತೀರ್ಪು ಕೊಡುವವರೆಗೂ ಕಾದಾಡಿದೆವು. ಅಷ್ಟರಲ್ಲಿ ಮಕ್ಕಳು ನಮ್ಮ ತೀರ್ಮಾನಕ್ಕೆ ಕಾಯದೆ ಹಿಂದಿಯ, ತೆಲುಗಿನ ಕಾರ್ಟೂನುಗಳನ್ನು ಬಾಯಿಪಾಠ ಮಾಡಿದರು. ಇರಲಿ. ಮಾತೇ ಇಲ್ಲದ ಚಿತ್ರಗಳೂ ಉಂಟು. 2015ರ 'ಷಾನ್ ದ ಷೀಪ್' ಚಿತ್ರದಲ್ಲಿ ಅರ್ಥವಾಗಬೇಕಾದ ಸಂಭಾಷಣೆಯೇ ಇಲ್ಲ. ಜೆಕ್ ದೇಶದ ಝ್ಡೆನೆಕ್ ಮಿಲೆರ್ ಸೃಷ್ಟಿಸಿದ ಪುಟ್ಟ ಹೆಗ್ಗಣದಂಥ ಮೋಲ್ ತನ್ನ ಅನೇಕ ಚಿತ್ರಗಳಲ್ಲಿ ಬರಿಯ ನಗು, ಉದ್ಗಾರಗಳಲ್ಲೇ ಕಥೆ ಸಾಗಿಸುತ್ತದೆ. 1957ರ ಅದರ ಮೊದಲ ಚಿತ್ರದ ಕಥೆ ನಮ್ಮ ಊರಿಗೆ ಹೇಳಿಮಾಡಿಸಿದಂತಿದೆ. ಮೋಲಿಗೆ ಜೇಬುಳ್ಳ ಚಲ್ಲಣವೊಂದು ಬೇಕು. ಅಗಸೆ ಬೆಳೆಯುವುದರಿಂದ ಹಿಡಿದು ನೂಲು, ನೇಯ್ಗೆ, ಹೊಲಿಗೆಯವರೆಗೆ ಪ್ರಾಣಿ, ಪಕ್ಷಿ, ಕೀಟಗಳೆಲ್ಲ ಕೈಗೂಡಿಸುತ್ತವೆ. ಕಾಲು ಗಂಟೆಯೊಳಗೆ ಮುಗಿದುಹೋಗುತ್ತದೆ. ಜೀನ್ಸ್ ಹೊಲಿಯುವ ಬಳ್ಳಾರಿಯ ಮಕ್ಕಳಿಗೆ, ಅಪ್ಪ ಅಮ್ಮ ದಿನವಿಡೀ ಯಂತ್ರದ ಮುಂದೆ ಮಾಡುವ ಕೆಲಸವೇ ಒಂದು ಅದ್ಭುತ ಕಥೆಯೆಂದು ತಿಳಿದರೆ ಎಷ್ಟು ಚೆನ್ನ! ಮಾತುಳ್ಳ ಚಿತ್ರವಾದರೆ ತಾಯಿಯೇ ಪಕ್ಕದಲ್ಲಿ ಕುಳಿತು ತನ್ನ ಕನ್ನಡದಲ್ಲಿ ಹೇಳಲಿ. ಅದಕ್ಕಿಂತ ಒಳ್ಳೆಯ ಡಬ್ಬಿಂಗ್ ಯಾವ ಸ್ಟುಡಿಯೋದಲ್ಲೂ ಆಗದು.

ಸರ್ಕಾರದ ಪ್ರಮಾಣಪತ್ರವಿದೆಯಲ್ಲ ಎಂದು ನೆಮ್ಮದಿಯಾಗಿರುವವರಿಗೂ ಒಂದು ಮಾತು. 2023ರ ಕಾಯಿದೆಯ ತಿದ್ದುಪಡಿ, 2024ರ ನಿಯಮಗಳ ಮೇಲೆ ಈಗ ಏಳು, ಹದಿಮೂರು, ಹದಿನಾರು ವರ್ಷಗಳ ಗುರುತು ಚಿತ್ರಗಳಿಗೆ ಬೀಳುತ್ತದೆ. ಒಳ್ಳೆಯ ಸುಧಾರಣೆಯೇ, ಓದಿ ನೋಡುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು. ಆದರೆ ಮೂರರ ಮಗುವನ್ನೂ ಆರರ ಮಗುವನ್ನೂ ಬೇರೆಮಾಡುವ ಗುರುತು ಅದರಲ್ಲಿಲ್ಲ. ಆ ಕೆಲಸ ಮನೆಯವರದು. ಮೊದಲು ತಾವು ಒಮ್ಮೆ ನೋಡುವುದು; ಕಥೆಯನ್ನು ಹಿಂದಿನ ದಿನವೇ ಬಾಯಿಯಲ್ಲಿ ಹೇಳಿಡುವುದು; ಹಗಲಿನಲ್ಲಿ, ಸದ್ದು ತಗ್ಗಿಸಿ ತೋರಿಸುವುದು; ಮಗು ಮುಖ ಮುಚ್ಚಿಕೊಂಡರೆ ಟಿಕೆಟ್ಟಿನ ದುಡ್ಡನ್ನು ಮರೆತು ಹೊರಗೆ ಬರುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತೆರೆ ಬೇಡ. ಟೊಟೊರೊವನ್ನೂ ಎರಡು ದಿನಕ್ಕೆ ಹಂಚಿ ತೋರಿಸಿದರೆ ನಷ್ಟವೇನಿಲ್ಲ. ಕೈಗೆ ಮೊಬೈಲು ಕೊಟ್ಟು ಅಡಿಗೆಮನೆಗೆ ಹೋಗುವುದು ಮಾತ್ರ ಆಯ್ಕೆಯಲ್ಲ. ಅದು ಆಯ್ಕೆಯಿಂದ ತಪ್ಪಿಸಿಕೊಳ್ಳುವ ಉಪಾಯ.

ಕೊನೆಯದಾಗಿ ಊರಿನ ಮೇಲೆ ನನ್ನದೊಂದು ದೂರು. ಈ ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಪೂರ್ಣಪ್ರಮಾಣದ ಬೊಂಬೆಚಿತ್ರ ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಂಗಸಿನದು, ವರ್ಷ 1926. ಕಪ್ಪು ಹಾಳೆಯಲ್ಲಿ ಬೊಂಬೆ ಕತ್ತರಿಸಿ, ಕೀಲು ಜೋಡಿಸಿ, ಹಿಂದಿನಿಂದ ಬೆಳಕು ಬಿಟ್ಟು ಆಕೆ ಮಾಡಿದ್ದು ನಮ್ಮ ತೊಗಲುಗೊಂಬೆಯವರ ವಿದ್ಯೆಗೆ ಒಡಹುಟ್ಟಿದ ವಿದ್ಯೆ. ಆ ವಿದ್ಯೆ ನಮ್ಮ ಮನೆಬಾಗಿಲಲ್ಲಿದೆ. 2023ರಲ್ಲಿ ನಮ್ಮನ್ನಗಲಿದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದೊಡನೆ ಗಾಂಧೀಜಿಯ ಕಥೆಯನ್ನೂ ತೊಗಲುಗೊಂಬೆಗಳಲ್ಲಿ ಆಡಿಸಿದರು. ಪಕ್ಕದ ಕೊಪ್ಪಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ನಾವು ಚಪ್ಪಾಳೆ ತಟ್ಟಿದೆವು. ಆದರೆ ಆ ಬಣ್ಣದ ಬೊಂಬೆಗಳಿಂದ ಹತ್ತು ನಿಮಿಷದ ಒಂದು ಪುಣ್ಯಕೋಟಿಯ ಚಿತ್ರ ಮಾಡಿ ಮಕ್ಕಳ ಮುಂದಿಡೋಣವೆಂದು ಎಷ್ಟು ಮಂದಿ ಯೋಚಿಸಿದ್ದೇವೆ? ಭಾರತ ಸರ್ಕಾರದ ಫಿಲ್ಮ್ಸ್ ಡಿವಿಜನ್ 1957ರಲ್ಲೇ ಜಾತಕ ಕಥೆಯಿಂದ 'ಬ್ಯಾನಿಯನ್ ಡೀರ್' ಎಂಬ ಜಿಂಕೆಯ ಕಿರುಚಿತ್ರ ಮಾಡಿತ್ತು. 1955ರಲ್ಲಿ ಹುಟ್ಟಿದ ಮಕ್ಕಳ ಚಿತ್ರ ಸಂಸ್ಥೆ 2022ರಲ್ಲಿ ಬೇರೊಂದು ನಿಗಮದೊಳಗೆ ವಿಲೀನವಾಯಿತು. ಇನ್ನು ದೆಹಲಿ, ಮುಂಬಯಿಗಳನ್ನು ನೆಚ್ಚಿ ಕೂರುವುದು ಬೇಡ.

ನಾನು ಕೇಳುವುದು ಬಹಳವಲ್ಲ. ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ತಿಂಗಳಿಗೊಂದು ಭಾನುವಾರ ಬೆಳಗ್ಗೆ, ಸಿರುಗುಪ್ಪ ಕುರುಗೋಡುಗಳಲ್ಲಿ ಶಾಲೆಯ ಒಂದು ಕೋಣೆಯಲ್ಲಿ, ಆರು ವರ್ಷದೊಳಗಿನವರಿಗಾಗಿಯೇ ಅರ್ಧ ಗಂಟೆಯ ಆಟ ನಡೆಯಲಿ. ಬಾಗಿಲು ತೆರೆದಿರಲಿ, ಒಂದೆರಡು ದೀಪ ಉರಿಯುತ್ತಿರಲಿ, ಪಕ್ಕದಲ್ಲಿ ದೊಡ್ಡವರೊಬ್ಬರು ಕುಳಿತು ಕಥೆ ಹೇಳುತ್ತಿರಲಿ. ಖರ್ಚು ಒಂದು ಪ್ರೊಜೆಕ್ಟರಿನದು, ಒಂದು ಬಿಳಿಯ ಪಂಚೆಯದು. ಮಕ್ಕಳ ವಿಷಯದಲ್ಲಿ ಭಾಷಣ ಮಾಡುವ ಸಂಘಗಳು ಊರಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಒಂದಾದರೂ ಮುಂದೆ ಬಂದರೆ, ಪಂಚೆ ನಾನು ತರುತ್ತೇನೆ.