ಭಾಷಣ ಕೇಳಿದ್ದು ಮಕ್ಕಳು, ಜಗಳ ಆಡಿದ್ದು ದೊಡ್ಡವರು

ಮೇಷ್ಟ್ರ ದಿನದಂದು ಮೇಷ್ಟ್ರಿಗೇ ಪೀಕಲಾಟ ತಂದ ಭಾಷಣ ಅದು. 2014ರ ಸೆಪ್ಟೆಂಬರ್ 5, ಶುಕ್ರವಾರ. ಗದ್ದುಗೆ ಏರಿ ಇನ್ನೂ ನಾಲ್ಕು ತಿಂಗಳೂ ತುಂಬದ ಪ್ರಧಾನಿ ನರೇಂದ್ರ ಮೋದಿ ದೆಹಲಿಯ ಮಾಣೆಕ್‌ಷಾ ಸಭಾಂಗಣದಲ್ಲಿ ಮಕ್ಕಳ ಜತೆ ಮಾತಾಡಿದರು. ದೂರದರ್ಶನದಲ್ಲಿ ಬಂತು, ಆಕಾಶವಾಣಿಯಲ್ಲೂ ಬಂತು. ಮಧ್ಯಾಹ್ನ ಮೂರರಿಂದ ಮುಕ್ಕಾಲು ಐದರವರೆಗೆ ದೇಶದ ಶಾಲೆಗಳೆಲ್ಲ ತೋರಿಸಲಿ ಎಂಬುದು ಕೇಂದ್ರದ ಅಪೇಕ್ಷೆ.

ಅಪೇಕ್ಷೆಯೋ, ಆಜ್ಞೆಯೋ? ಅಲ್ಲೇ ಶುರುವಾಯ್ತು ರಗಳೆ.

ವಿರೋಧ ಪಕ್ಷದವರು ಇದು ಮಕ್ಕಳ ಮೇಲೆ ಹೇರಿಕೆ ಎಂದು ಗುಡುಗಿದರು. ಅಂದಿನ ಶಿಕ್ಷಣ ಮಂತ್ರಿ ಸ್ಮೃತಿ ಇರಾನಿ, ಬಲವಂತ ಏನಿಲ್ಲ, ಇಷ್ಟ ಇದ್ದವರು ನೋಡಲಿ ಎಂದರು. ಆದರೆ ಅದೇ ದೆಹಲಿಯಲ್ಲಿ, ಅಲ್ಲಿನ ಶಿಕ್ಷಣ ನಿರ್ದೇಶನಾಲಯದ ಸುತ್ತೋಲೆ ಏರ್ಪಾಟಿನಲ್ಲಿ ಸಡಿಲವಾದರೆ ಗಂಭೀರವಾಗಿ ಪರಿಗಣಿಸಲಾಗುವುದು ಎಂಬ ಧಾಟಿಯಲ್ಲಿತ್ತು. ಪಶ್ಚಿಮ ಬಂಗಾಳದವರು ಶಾಲೆಗಳಲ್ಲಿ ಸೌಕರ್ಯ ಇಲ್ಲ ಎಂದು ಕೈ ತೊಳೆದುಕೊಂಡರು. ತಮಿಳುನಾಡಿನಲ್ಲಿ ‘ಗುರು ಉತ್ಸವ’ ಎಂಬ ಹೆಸರಿಗೇ ಸಿಟ್ಟು ಬಂತು. ಅದು ಬರೀ ಪ್ರಬಂಧ ಸ್ಪರ್ಧೆಯ ಹೆಸರು ಎಂದು ಕೇಂದ್ರ ಸಮಜಾಯಿಷಿ ಕೊಟ್ಟಿತು.

ನಮ್ಮ ಕಡೆ ಆಗ ಸಿದ್ದರಾಮಯ್ಯನವರ ಕಾಂಗ್ರೆಸ್ ಸರ್ಕಾರ. ದೆಹಲಿಯಲ್ಲಿ ಬಿಜೆಪಿ. ಇಂಥ ಹೊತ್ತಲ್ಲಿ ನಡುವೆ ಸಿಕ್ಕಿಬೀಳುವವರು ಹೆಡ್‌ಮೇಷ್ಟ್ರು.

ಅವರ ಪಾಡು ಕೇಳಿ. ಸೆಪ್ಟೆಂಬರ್ 5 ಅಂದರೆ ತಾಲ್ಲೂಕು ಕೇಂದ್ರದಲ್ಲಿ ಸನ್ಮಾನ, ಹಾರ, ಶಾಲು, ಶಾಸಕರ ಭಾಷಣ. ಮೇಷ್ಟ್ರುಗಳು ಬೆಳಿಗ್ಗೆಯೇ ಬಸ್ಸು ಹಿಡಿಯುವ ದಿನ. ಅಂಥ ದಿನ ಮಧ್ಯಾಹ್ನ ಶಾಲೆಯಲ್ಲಿ ಟಿ.ವಿ. ಮುಂದೆ ಮಕ್ಕಳನ್ನು ಕೂರಿಸುವವರು ಯಾರು? ಟಿ.ವಿ. ತರುವುದೆಲ್ಲಿಂದ? ಕರೆಂಟು ಕೈ ಕೊಟ್ಟರೆ ಜನರೇಟರ್ ಬಾಡಿಗೆ ಯಾರ ಜೇಬಿನಿಂದ? ಭಾಷಣವೋ ಹಿಂದಿಯಲ್ಲಿ. ನಮ್ಮ ಕನ್ನಡ ಶಾಲೆಯ ಮಕ್ಕಳು ಹಿಂದಿ ಅಕ್ಷರ ಕಾಣುವುದೇ ಆರನೇ ಕ್ಲಾಸಿನಲ್ಲಿ. ಒಂದರಿಂದ ಐದರವರೆಗಿನ ಚಿಳ್ಳೆಪಿಳ್ಳೆಗಳು ಪರದೆ ಮೇಲಿನ ಗಡ್ಡ ನೋಡಿಕೊಂಡು ಮುಕ್ಕಾಲು ಐದರ ತನಕ ಕೂತಿರಬೇಕು!

ಇಷ್ಟಕ್ಕೂ ಭಾಷಣದಲ್ಲಿ ಇದ್ದದ್ದೇನು? ಪಕ್ಷದ ಪ್ರಚಾರ ಹುಡುಕಿದವರಿಗೆ ನಿರಾಶೆ. ದಿನಕ್ಕೆ ನಾಲ್ಕು ಸಲ ಬೆವರು ಬರುವ ಹಾಗೆ ಆಡುವವರು ಎಷ್ಟು ಜನ ಇದ್ದೀರಿ ಅಂತ ಕೇಳಿದರು. ಜೀವನಚರಿತ್ರೆ ಓದಿ ಎಂದರು, ಕರೆಂಟು ಉಳಿಸಿ ಎಂದರು. ಹುಡುಗನಾಗಿದ್ದಾಗ ಮದುವೆಮನೆಯಲ್ಲಿ ಶಹನಾಯಿ ಊದುವವರಿಗೆ ಹುಣಸೆಹಣ್ಣು ತೋರಿಸಿ ಕಾಡಿದ ಕತೆ ಹೇಳಿದರು. ಪ್ರಧಾನಿ ಆಗೋದು ಹೇಗೆ ಅಂತ ಕೇಳಿದ ಹುಡುಗನಿಗೆ, 2024ರ ಚುನಾವಣೆಗೆ ತಯಾರಾಗು, ಅಲ್ಲಿಯವರೆಗೆ ನನಗೇನೂ ಅಪಾಯವಿಲ್ಲ ಅಂತ ನಗಿಸಿದರು. (2024ರ ಚುನಾವಣೆ ಬಂತು, ಹೋಯ್ತು. ಅಪಾಯ ಆಗಲೂ ಬರಲಿಲ್ಲ, ಬಹುಮತ ಮಾತ್ರ ಸ್ವಲ್ಪ ಕಡಿಮೆ ಬಿತ್ತು.)

ಅಂದರೆ ಭಾಷಣ ಸಾಧು. ಜಗಳ ಮಾತ್ರ ಉಗ್ರ. ಯಾಕೆ?

ಅಮೆರಿಕದಲ್ಲೂ ಇದೇ ನಾಟಕ ನಡೆದಿದೆ. ಪಾತ್ರ ಮಾತ್ರ ಅದಲುಬದಲು. 1991ರ ಅಕ್ಟೋಬರ್ 1ರಂದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್ (ಅಪ್ಪ ಬುಷ್) ವಾಷಿಂಗ್ಟನ್ನಿನ ಒಂದು ಶಾಲೆಯಿಂದ ಮಕ್ಕಳಿಗೆ ಭಾಷಣ ಮಾಡಿದರು. ಸರ್ಕಾರಿ ದುಡ್ಡಲ್ಲಿ ಸ್ವಂತ ಜಾಹೀರಾತು ಎಂದು ಡೆಮಾಕ್ರಟಿಕ್ ಪಕ್ಷದವರು ಕೂಗಾಡಿ, ಖರ್ಚಿನ ಲೆಕ್ಕ ತೆಗೆಸಿದರು. ಹದಿನೆಂಟು ವರ್ಷ ಬಿಟ್ಟು, 2009ರ ಸೆಪ್ಟೆಂಬರ್ 8ರಂದು, ಅದೇ ಡೆಮಾಕ್ರಟಿಕ್ ಪಕ್ಷದ ಬರಾಕ್ ಒಬಾಮ ವರ್ಜೀನಿಯಾದ ಆರ್ಲಿಂಗ್ಟನ್ನಿನ ಶಾಲೆಯಿಂದ ಮಾತಾಡಿದಾಗ ಕೂಗಾಡುವ ಸರದಿ ರಿಪಬ್ಲಿಕನ್ನರದು. ಮಕ್ಕಳ ತಲೆಗೆ ಸಮಾಜವಾದ ತುಂಬುತ್ತಾರೆ ಎಂದರು. ಕೆಲವು ತಂದೆತಾಯಿ ಆ ದಿನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಕೆಲವು ಕಡೆ ಶಾಲಾ ಮಂಡಳಿಗಳು ನೇರಪ್ರಸಾರ ಹಾಕಲಿಲ್ಲ. ಆಮೇಲೆ ನೋಡಿದರೆ ಒಬಾಮ ಹೇಳಿದ್ದು ಹೋಂವರ್ಕ್ ಮಾಡಿ, ಕೈ ತೊಳೆಯಿರಿ ಅಂತ!

ಆದರೆ ಅಲ್ಲಿ ಎರಡು ಕೆಲಸ ಆಯ್ತು, ಗಮನಿಸಬೇಕು. ಭಾಷಣದ ಪೂರ್ತಿ ಪಾಠವನ್ನು ಹಿಂದಿನ ದಿನವೇ ಬಹಿರಂಗ ಮಾಡಿದರು. ಅಧ್ಯಕ್ಷರಿಗೆ ತಾವು ಹೇಗೆ ನೆರವಾಗಬಹುದು ಎಂದು ಮಕ್ಕಳು ಪತ್ರ ಬರೆಯಲಿ ಎಂಬ ಸಲಹೆ ಇಲಾಖೆಯ ಟಿಪ್ಪಣಿಯಲ್ಲಿತ್ತು. ಟೀಕೆ ಬಂದಾಗ ಅದನ್ನು ತಿದ್ದಿದರು.

ನಮ್ಮಲ್ಲಿ ತೊಡಕು ಇರುವುದು ಭಾಷಣದಲ್ಲಲ್ಲ, ಸುತ್ತೋಲೆಯಲ್ಲಿ. ದೆಹಲಿಯಿಂದ ಹೊರಡುವಾಗ ಅದು ‘ತೋರಿಸಬಹುದು’. ಬೆಂಗಳೂರಿಗೆ ಬರುವಾಗ ‘ತೋರಿಸುವುದು’. ಡಿಡಿಪಿಐ ಕಚೇರಿ ದಾಟಿದರೆ ‘ತೋರಿಸತಕ್ಕದ್ದು’. ಬಿಇಓ, ಸಿಆರ್‌ಪಿ ಕೈಗೆ ಬಂದು ಹೆಡ್‌ಮೇಷ್ಟ್ರ ಕಿವಿ ಮುಟ್ಟುವಾಗ ‘ಎಷ್ಟು ಮಕ್ಕಳು ನೋಡಿದರು, ಫೋಟೋ ಸಮೇತ ಸಂಜೆಯೊಳಗೆ ಕಳಿಸಿ’. ಯಾವ ಸರ್ಕಾರದ ಯಾವ ಕಾರ್ಯಕ್ರಮವಾದರೂ ಇದೇ ರಾಮಾಯಣ. ಯಾರೂ ಬಲವಂತ ಮಾಡಿಲ್ಲ, ಆದರೆ ಯಾರಿಗೂ ಬೇಡ ಅನ್ನುವ ಧೈರ್ಯ ಇಲ್ಲ. ವರ್ಗಾವಣೆ, ಮೆಮೋ, ಇನ್‌ಕ್ರಿಮೆಂಟು ಎಲ್ಲ ಮೇಲಿನವರ ಕೈಯಲ್ಲಿರುವ ಮನುಷ್ಯನಿಗೆ ‘ಇಷ್ಟ ಇದ್ದರೆ ಮಾಡಿ’ ಅನ್ನುವುದು ಎಂಥ ಮಾತು ಸ್ವಾಮಿ?

ಊರಲ್ಲಿ ಎರಡು ಪಂಗಡ ಆಗುವುದೂ ಈ ಕಾರಣಕ್ಕೇ. ದೇಶದ ಪ್ರಧಾನಿ ಮಾತು ಕೇಳಿದರೆ ನಿಮ್ಮ ಮಕ್ಕಳಿಗೆ ಏನು ನಷ್ಟ ಅಂತ ಒಬ್ಬರು. ಇವತ್ತು ಪ್ರಧಾನಿ, ನಾಳೆ ಮುಖ್ಯಮಂತ್ರಿ, ನಾಡಿದ್ದು ನಮ್ಮ ಎಂಎಲ್‌ಎ, ಇದಕ್ಕೆ ಕೊನೆ ಎಲ್ಲಿ ಅಂತ ಇನ್ನೊಬ್ಬರು. ಇಬ್ಬರ ಮಾತಲ್ಲೂ ಹುರುಳಿದೆ. ಪ್ರಧಾನಿ ಒಂದು ಪಕ್ಷದ ಸ್ವತ್ತಲ್ಲ, ನಿಜ. ಆದರೆ ಮತ ಕೇಳಲು ಬರುವಾಗ ಅದೇ ಮುಖ ಪಕ್ಷದ ಬ್ಯಾನರಿನಲ್ಲಿ ಇರುತ್ತದೆ ಅನ್ನುವುದೂ ಅಷ್ಟೇ ನಿಜ. ಕಾಂಗ್ರೆಸ್ಸಿಗರೂ ಹೆಚ್ಚು ಎಗರಾಡುವಂತಿಲ್ಲ. ನವೆಂಬರ್ 14ಕ್ಕೆ ಶಾಲೆಯಲ್ಲಿ ಹಾರ ಬೀಳುವುದು ಯಾರ ಫೋಟೋಕ್ಕೆ?

ಆ ಭಾಷಣ ಒಂದೇ ದಿನಕ್ಕೆ ಮುಗಿಯಲಿಲ್ಲ. 2018ರ ಫೆಬ್ರವರಿ 16ರಿಂದ ‘ಪರೀಕ್ಷಾ ಪೇ ಚರ್ಚಾ’ ಶುರುವಾಗಿ ವರ್ಷವರ್ಷವೂ ನಡೆದುಬಂದಿದೆ. 2023ರ ಏಪ್ರಿಲ್ 30ರಂದು ‘ಮನ್ ಕೀ ಬಾತ್’ ನೂರನೇ ಕಂತು. ಅದನ್ನು ಕೇಳಲು ಹಾಜರಾಗಲಿಲ್ಲ ಅಂತ ಚಂಡೀಗಢದ ಒಂದು ನರ್ಸಿಂಗ್ ಸಂಸ್ಥೆಯಲ್ಲಿ 36 ವಿದ್ಯಾರ್ಥಿನಿಯರಿಗೆ ಒಂದು ವಾರ ಹಾಸ್ಟೆಲ್ ಬಿಟ್ಟು ಹೊರಗೆ ಹೋಗದಂತೆ ತಡೆ ಹಾಕಿದರು. ‘ಇಷ್ಟ ಇದ್ದವರು’ ಅನ್ನುವ ಮಾತಿನ ಬೆಲೆ ಅಲ್ಲಿ ಗೊತ್ತಾಯ್ತು.

ಕಾನೂನು ಏನನ್ನುತ್ತದೆ? ಕೇರಳದ ಮೂರು ಮಕ್ಕಳ ಕೇಸು ನೆನಪಿಸಿಕೊಳ್ಳಬೇಕು. ರಾಷ್ಟ್ರಗೀತೆ ಹೇಳುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ. ಅದಕ್ಕೆ 1985ರಲ್ಲಿ ಶಾಲೆಯಿಂದ ಹೊರಹಾಕಿದರು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರ ತೀರ್ಪು ಕೊಟ್ಟು ವಾಪಸ್ ಸೇರಿಸಿಕೊಳ್ಳಿ ಎಂದಿತು. ಬಿಜೋ ಎಮ್ಯಾನುಯೆಲ್ ಪ್ರಕರಣ ಎಂದೇ ಹೆಸರು. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗಾದರೆ, ಒಬ್ಬ ನಾಯಕರ ಭಾಷಣ ಕೇಳಲಿಲ್ಲ ಅಂತ ಮಗುವಿಗೆ ಶಿಕ್ಷೆ ಯಾವ ಲೆಕ್ಕದಲ್ಲಿ?

ಶಿಕ್ಷಕರ ದಿನ ಯಾರ ಹೆಸರಿನದೋ ಆ ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. ಕಲ್ಕತ್ತೆಗೆ ಹೊರಟಾಗ ಹುಡುಗರು ಹೂವಿನ ಸಾರೋಟನ್ನು ತಾವೇ ಎಳೆದು ಸ್ಟೇಷನ್ನಿಗೆ ಮುಟ್ಟಿಸಿದರಂತೆ. ಅದಕ್ಕೆ ಯಾವ ಡಿಡಿಪಿಐಯೂ ಸುತ್ತೋಲೆ ಹೊರಡಿಸಿರಲಿಲ್ಲ.

ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ಮುಂದೆ ಯಾವ ನಾಯಕರ ಭಾಷಣ ಬಂದರೂ, ಯಾವ ಪಕ್ಷದವರಾದರೂ, ತಂದೆತಾಯಿಗಳಿಗೆ ಮೊದಲೇ ಚೀಟಿ ಹೋಗಲಿ. ತಲೆ ಎಣಿಸುವುದು, ಫೋಟೋ ಕೇಳುವುದು ನಿಲ್ಲಲಿ. ನೋಡುವ ಮಕ್ಕಳು ನೋಡಲಿ, ಬೇಡದವರು ಲೈಬ್ರರಿಗೆ ಹೋಗಲಿ. ಲೈಬ್ರರಿಯೇ ಇಲ್ಲದ ಶಾಲೆಯಲ್ಲಿ? ಮೈದಾನಕ್ಕೆ ಬಿಡಿ. ಬೆವರು ಬರುವ ಹಾಗೆ ಆಡಿ ಅಂತ ಪ್ರಧಾನಿಗಳೇ ಹೇಳಿದ್ದಾರಲ್ಲ!