ಹಬ್ಬಕ್ಕೆ ನಾಲಗೆ ಬೇಡವೆ?

ಅಮೆರಿಕದಲ್ಲಿ ತೆಲುಗು ಹಬ್ಬಗಳು ಊರಿಗಿಂತ ವೈಭವದಿಂದ ನಡೆಯುತ್ತವೆಯೆಂದು ಅಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹೆಮ್ಮೆಯಿಂದ ಬರೆಯುತ್ತಾರೆ. ಸಂತೋಷ. ಆದರೆ ವೈಭವವೇ ಪರಂಪರೆಯ ರಕ್ಷಣೆಯೆಂಬ ವಾದವನ್ನು ನಾನು ಒಪ್ಪಲಾರೆ.

ಬತುಕಮ್ಮನನ್ನೇ ನೋಡಿ. 2014ರಲ್ಲಿ ತೆಲಂಗಾಣದ ನಾಡಹಬ್ಬವಾದ ಇದು ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ನಡೆಯುತ್ತದೆ. ತಂಗಡಿ ಮೊದಲಾದ ಹೂಗಳನ್ನು ಗೋಪುರದಂತೆ ಪೇರಿಸಿ, ಹೆಂಗಸರು ಸುತ್ತಲೂ ಚಪ್ಪಾಳೆ ತಟ್ಟುತ್ತ ಹಾಡಿ, ಕೊನೆಗೆ ಕೆರೆಯಲ್ಲಿ ಬಿಡುತ್ತಾರೆ. ಪರದೇಶದಲ್ಲಿ ತಂಗಡಿ ಸಿಗದಿದ್ದರೆ ಅಂಗಡಿಯ ಸೇವಂತಿಗೆಯಾದೀತು. ಒಂಬತ್ತು ದಿನ ಒಂದೇ ಶನಿವಾರವಾದರೂ ದೋಷವಿಲ್ಲ. ಆದರೆ ಹಾಡನ್ನು ಧ್ವನಿವರ್ಧಕಕ್ಕೆ ಒಪ್ಪಿಸಿ, ಅರ್ಥವರಿಯದ ಹುಡುಗಿ ಸುಮ್ಮನೆ ಸುತ್ತು ಹಾಕಿದರೆ ಉಳಿದದ್ದೇನು? ಒಬ್ಬಳು ಹೇಳಿಕೊಟ್ಟು ಉಳಿದವರು ದನಿಗೂಡಿಸುವುದೇ ಆ ಹಬ್ಬದ ಪಾಠಶಾಲೆ.

ಮಕ್ಕಳಿಗೆ ಬಿಡುವಿಲ್ಲವೆನ್ನುವಿರಾ? ಸಿಲಿಕಾನ್ ಆಂಧ್ರದವರ ‘ಮನಬಡಿ’ 2007ರಿಂದ ಅಲ್ಲಿಯೇ ತೆಲುಗು ಕಲಿಸುತ್ತಿದೆ. ಇನ್ನು ಮಾರಿಷಸ್ಸನ್ನು ನೋಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದ ತೆಲುಗರ ಯುಗಾದಿ ಇಂದು ಆ ದೇಶದ ಸಾರ್ವಜನಿಕ ರಜಾದಿನ. ಅವರಿಗೆ ಹಣವೂ ಇರಲಿಲ್ಲ, ಬಿಡುವೂ ಇರಲಿಲ್ಲ. ಕಬ್ಬು ಕಡಿದವರಿಗೆ ಸಾಧ್ಯವಾದದ್ದು ಕಂಪ್ಯೂಟರ್ ಬಲ್ಲವರಿಗೆ ಅಸಾಧ್ಯವೆ?

ಸಿನಿಮಾ ತಾರೆಯರನ್ನು ಕರೆಸುವ ಹಣದಲ್ಲಿ ಒಂದು ಪಾಲು ತರಗತಿಗೆ ಸಲ್ಲಲಿ. ಯುಗಾದಿ ಪಚ್ಚಡಿಯ ಆರು ರುಚಿಗಳ ಹೆಸರನ್ನು ಮೊಮ್ಮಗ ತೆಲುಗಿನಲ್ಲಿಯೇ ಹೇಳಲಿ. ಹೊರನಾಡಿನಲ್ಲಿ ಬೇವು-ಬೆಲ್ಲ ಹಂಚುವ ನಮ್ಮ ಕನ್ನಡದ ಮಕ್ಕಳೇ, ಈ ಮಾತು ನಿಮಗೂ ಸಲ್ಲುತ್ತದೆ.