ಹಬ್ಬದ ಸಹಾಯ ಆರು ತಿಂಗಳು ನಡೆಯಲಿ

ದೀಪಾವಳಿ ರಜೆ ಬಂತೆಂದರೆ ಬಳ್ಳಾರಿ ಬಸ್ಸುಗಳಿಂದ ಬಿ.ಜಿ. ಕೆರೆಯಲ್ಲಿ ಇಳಿಯುವವರ ಕೈಯಲ್ಲಿ ಸಿಹಿಯ ಪೊಟ್ಟಣಗಳಿರುತ್ತವೆ. ಅವರಲ್ಲಿ ಕೆಲವರು, ವಿಶೇಷವಾಗಿ ಓದುವ ಹುಡುಗರು, ‘ಹಬ್ಬಕ್ಕೆ ಯಾವುದಾದರೂ ಬಡ ಕುಟುಂಬಕ್ಕೆ ಸಹಾಯ ಮಾಡಬೇಕು, ಒಂದು ಮನೆ ತೋರಿಸಿ ಸಾರ್’ ಎಂದು ಕೇಳುವುದುಂಟು. ಸಂತೋಷದ ಸಂಗತಿಯೇ. ಆದರೆ ಮನೆ ತೋರಿಸಲು ನಾನು ಈಗ ಹಿಂಜರಿಯುತ್ತೇನೆ.

ಕೆಲವು ವರ್ಷಗಳ ಹಿಂದೆ ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಕೂಲಿಕಾರನೊಬ್ಬನ ಮನೆಗೆ ಒಂದು ಗುಂಪು ಹಬ್ಬದ ದಿನ ಅಕ್ಕಿ, ಬೆಲ್ಲ, ಎಣ್ಣೆ ಒಯ್ದಿತು. ಫೋಟೋ ತೆಗೆಯಿತು. ಸಂಜೆಯೊಳಗೆ ಆ ಫೋಟೋ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿ, ಕಾಯಿಲೆಯ ಹೆಸರು ಬಯಲಾಯಿತು. ಶೇಂಗಾ ಬಿಡಿಸಲು ಹೋದ ಆತನ ಹೆಂಡತಿಗೆ ನೀರಿನ ಲೋಟ ಬೇರೆ ಇಟ್ಟರು. ‘ಅಕ್ಕಿ ಹದಿನೈದು ದಿನಕ್ಕೆ ಮುಗೀತು ಸಾರ್, ಜನರ ಮಾತು ಇನ್ನೂ ಮುಗಿದಿಲ್ಲ’ ಎಂದಳು ಆಕೆ. ಆ ಮನೆ ತೋರಿಸಿದವನು ನಾನೇ. ರೋಗಿಯನ್ನು ಒಂದು ಮಾತು ಕೇಳಿರಲಿಲ್ಲ.

ಲೋಟ ಬೇರೆ ಇಡುವುದಕ್ಕೆ ಯಾವ ಆಧಾರವೂ ಇಲ್ಲ. ಶ್ವಾಸಕೋಶದ ಕ್ಷಯವಿದ್ದವರು ಕೆಮ್ಮಿದಾಗ ಗಾಳಿಯ ಮೂಲಕ ರೋಗಾಣು ಹರಡುತ್ತದೆಯೇ ಹೊರತು ತಟ್ಟೆ ಲೋಟಗಳಿಂದಲ್ಲ. ಸರಿಯಾದ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಹರಡುವ ಸಾಮರ್ಥ್ಯವೂ ಬಹಳಷ್ಟು ಕುಗ್ಗುತ್ತದೆ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು, ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ದುಡಿಯುವವನೇ ಮಲಗಿದಾಗ ಮನೆಯ ಒಲೆ ಹೇಗೆ ಉರಿಯಬೇಕು?

ಒಲೆಯ ಮಾತು ವೈದ್ಯಕೀಯದ ಮಾತೂ ಹೌದು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡದಲ್ಲಿ ನಡೆಸಿದ ಅಧ್ಯಯನ 2023ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಗಳ ಮನೆಮಂದಿಗೆ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟಾಗ, ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇ. 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಗಣನೀಯವಾಗಿ ಇಳಿದಿತ್ತು. ಬೇಳೆಗೆ ಇಷ್ಟು ಶಕ್ತಿಯಿದೆಯೆಂದು ನನ್ನ ಎಂ.ಬಿ.ಬಿ.ಎಸ್. ಪುಸ್ತಕಗಳು ಹೇಳಿರಲಿಲ್ಲ!

ರೋಗಿಯ ಪೋಷಣೆಗೆ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತ ಬಂದು, 2024ರ ನವೆಂಬರ್‌ನಲ್ಲಿ ಅದನ್ನು 1000ಕ್ಕೆ ಏರಿಸಿತು. ಇಡೀ ಮನೆಗೆ ಅದು ಸಾಲದು. ಆ ಕೊರತೆ ತುಂಬಲು 2022ರ ಸೆಪ್ಟೆಂಬರ್‌ನಲ್ಲಿ ‘ನಿ-ಕ್ಷಯ ಮಿತ್ರ’ ಆರಂಭವಾಯಿತು. ಯಾರು ಬೇಕಾದರೂ ಹೆಸರು ನೋಂದಾಯಿಸಿ, ಒಪ್ಪಿಗೆ ಕೊಟ್ಟ ರೋಗಿಗೆ ಕನಿಷ್ಠ ಆರು ತಿಂಗಳು ಆಹಾರ ಒದಗಿಸಬಹುದು. ಒಪ್ಪಿಗೆ ಕೊಟ್ಟ ರೋಗಿಗೆ ಎಂಬ ಮಾತನ್ನು ಓದುಗರು ಇನ್ನೊಮ್ಮೆ ಓದಬೇಕಾಗಿ ವಿನಂತಿ.

ರೋಗಿಯನ್ನು ನೋಡಲು ಸೇಬು ಒಯ್ಯುವ ಪದ್ಧತಿ ಯಾರು ತಂದರೋ ತಿಳಿಯದು. ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಶೇಂಗಾವೇ ಆ ದುಡ್ಡಿಗೆ ಹೆಚ್ಚು ಉಪಯುಕ್ತ. 100 ಗ್ರಾಂ ಕಾಳಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಜೊತೆಗೆ ಬೇಳೆ, ತಿನ್ನುವವರಿಗೆ ಮೊಟ್ಟೆ. ಮೂರು ದಿನ ರಜೆಯಿರುವ ಹುಡುಗರು ಇನ್ನೊಂದು ಕೆಲಸವನ್ನೂ ಮಾಡಬಹುದು: ಮನೆಯವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ತಪಾಸಣೆ ಮಾಡಿಸುವುದು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ಇಳಿಯುತ್ತಿರುವ ತೂಕ ಇದ್ದರೆ ಕಫ ಪರೀಕ್ಷೆ ಆಗಲೇಬೇಕು. ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ರೋಗ ಬಾರದಂತೆ ತಡೆಯುವ ಔಷಧಿಯ ಬಗ್ಗೆ ಕೇಳಬೇಕು.

ಕಳೆದ ಹಬ್ಬಕ್ಕೆ ಬಂದ ಹುಡುಗನೊಬ್ಬನನ್ನು ಆರೋಗ್ಯ ಕಾರ್ಯಕರ್ತೆಯ ಬಳಿಗೆ ಕಳುಹಿಸಿದೆ. ಆಕೆ ರೋಗಿಯನ್ನು ಕೇಳಿ, ಆತ ಒಪ್ಪಿದ ಮೇಲೆ ವ್ಯವಸ್ಥೆ ಮಾಡಿದರು. ಈಗ ಆ ಹುಡುಗ ಬೆಂಗಳೂರಿನಿಂದ ಪ್ರತಿ ತಿಂಗಳೂ ಅಂಗಡಿಗೆ ಹಣ ಕಳಿಸುತ್ತಾನೆ. ರೋಗಿಯ ಹೆಂಡತಿ ಎಲ್ಲರಂತೆ ಚೀಲ ಹಿಡಿದು ಹೋಗಿ ಸಾಮಾನು ತರುತ್ತಾಳೆ. 41 ಕಿಲೋ ಇದ್ದ ಆತ ಎರಡು ತಿಂಗಳಲ್ಲಿ 44 ಆಗಿದ್ದಾನೆ. ಹುಡುಗನಿಗೆ ಆ ಮನೆ ಯಾವುದೆಂದು ಇವತ್ತಿಗೂ ಗೊತ್ತಿಲ್ಲ.